ಅಲ್ಯೂಮಿನಿಯಂಗೆ ಹದ ಬರುವುದು ಯಾವಾಗ?

ಕಳೆದ ವರ್ಷದ ಅಭ್ಯಾಸ ಬೋಧನೆಯ ಸಮಯದಲ್ಲಿ, ಒಂದು ಸರ್ಕಾರಿ ಪ್ರೌಢಶಾಲೆಯ 10ನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು, ಒಂದು ತಪ್ಪು ಹೇಳಿಕೆಯ ಎದುರು ನಾನು ‘ಉತ್ತಮ’ ಎಂದು ಷರಾ ಬರೆದೆ. ಪಾಠ ಮಾಡುತ್ತಿದ್ದವರು ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿ. ಘಟಕ ‘ಲೋಹಗಳು ಮತ್ತು ಅಲೋಹಗಳು’, ಅಂದಿನ ಭಾಗ ಮಿಶ್ರಲೋಹಗಳು. ಅವರ ತಯಾರಿ ಚೆನ್ನಾಗಿತ್ತು. ಮೇಜಿನ ಮೇಲೆ ಒಂದು ಕುಡುಗೋಲು, ಹಿತ್ತಾಳೆ ಚೊಂಬು, ತಾಮ್ರದ ತಂತಿ, ಅಲ್ಯೂಮಿನಿಯಂ ಕಿಟಕಿ ಚೌಕಟ್ಟಿನ ಒಂದು ತುಂಡು ಇದ್ದವು. “ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದು ಯಾಕೆ?” ಎಂದು ಕೇಳಿದರು. “ಗಟ್ಟಿಯಾಗಲಿ ಅಂತ ಮಿಸ್” ಎಂಬ ಉತ್ತರ ಬಂತು. ಅವರು ಅಲ್ಲಿಗೇ ನಿಲ್ಲಿಸಿದ್ದರೆ ತೊಂದರೆಯಿರಲಿಲ್ಲ. “ಹೌದು, ಲೋಹವನ್ನು ಚೆನ್ನಾಗಿ ಕಾಯಿಸಿ ಥಟ್ಟನೆ ತಣಿಸಿದರೆ ಗಡಸಾಗುತ್ತದೆ. ಈ ಅಲ್ಯೂಮಿನಿಯಂ ಚೌಕಟ್ಟನ್ನೂ ಹೀಗೇ ಗಡಸು ಮಾಡಿರುತ್ತಾರೆ” ಎಂದರು. ನಾನು ‘ಸ್ಥಳೀಯ ಉದಾಹರಣೆಯಿಂದ ಸಾಮಾನ್ಯೀಕರಣಕ್ಕೆ ಸಾಗಿದ ರೀತಿ ಉತ್ತಮ’ ಎಂದು ಬರೆದುಕೊಂಡೆ.

ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಅಲ್ಯೂಮಿನಿಯಂ ಹಂಗಾಗಲ್ಲ. ಕಾಯಿಸಿ ನೀರಿಗೆ ಹಾಕಿದ್ರೆ ಮೆತ್ತಗಾಗುತ್ತೆ. ನಮ್ಮ ಮಾವ ಪೈಪ್ ಬಗ್ಗಿಸೋಕೆ ಹಂಗೇ ಮಾಡೋದು.”

ಪ್ರಶಿಕ್ಷಣಾರ್ಥಿ ನನ್ನತ್ತ ನೋಡಿದರು. ನಾನು ಗಡಿಯಾರ ನೋಡಿದೆ. “ಅದು ಬೇರೆ ಇರಬೇಕಮ್ಮ, ಕೂತ್ಕೊ” ಎಂದು ಅವರು ಪಾಠ ಮುಂದುವರಿಸಿದರು.

ಸಂಜೆಯ ಹಿಮ್ಮಾಹಿತಿಯಲ್ಲಿ, ವಿದ್ಯಾರ್ಥಿಯ ಪ್ರತಿಕ್ರಿಯೆಯನ್ನು ಅರ್ಧಕ್ಕೇ ನಿಲ್ಲಿಸಬಾರದು ಎಂದು ಅವರಿಗೆ ಹೇಳಿದೆ. ಆದರೆ ವಿಷಯದ ಮಟ್ಟಿಗೆ ಹುಡುಗಿಯೇ ತಪ್ಪಿರಬೇಕೆಂದು ನನ್ನ ಮನಸ್ಸಿನಲ್ಲಿತ್ತು. ರಸಾಯನವಿಜ್ಞಾನ ಓದಿ ಬಂದವನು ನಾನು. ಲೋಹಶಾಸ್ತ್ರ ನನಗೆ ಅಷ್ಟೇನೂ ಗೊತ್ತಿಲ್ಲ ಎಂಬುದು ಅಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಬಸ್ ನಿಲ್ದಾಣದ ಹಿಂದಿರುವ ಆಕೆಯ ಮಾವನ ಫ್ಯಾಬ್ರಿಕೇಶನ್ ಅಂಗಡಿಗೆ ಹೋದೆ. ಅವರು ಕಿಟಕಿ ಚೌಕಟ್ಟಿನ ಒಂದು ತುಂಡಿನ ಮೇಲೆ ಬಟ್ಟೆ ಸೋಪನ್ನು ಉಜ್ಜಿ, ಗ್ಯಾಸ್ ಜ್ವಾಲೆಯನ್ನು ಮೆಲ್ಲಗೆ ಆಡಿಸಿದರು. ಸೋಪಿನ ಗೆರೆ ಕಂದಾಗಿ, ಕಪ್ಪಾದೊಡನೆ ಜ್ವಾಲೆ ತೆಗೆದು ತುಂಡನ್ನು ನೀರಿಗೆ ಹಾಕಿದರು. ಆಮೇಲೆ ಅದನ್ನು ಕೈಯಿಂದಲೇ ಬಗ್ಗಿಸಿದರು. “ಸೋಪು ಕಪ್ಪಾದ್ರೆ ಸಾಕು ಸಾರ್. ಅದಕ್ಕಿಂತ ಜಾಸ್ತಿ ಕಾಯ್ಸಿದ್ರೆ ಕರಗೇ ಹೋಗುತ್ತೆ, ಕೆಂಪಗಾಗಲ್ಲ ನೋಡಿ ಇದು. ಆದ್ರೆ ಒಂದು, ಹಿಂಗೆ ಬಗ್ಸಿದ್ ಜಾಗ ಆಮೇಲೂ ಮೆತ್ತಗೇ ಇರುತ್ತೆ.” ಅವರ ಕೊನೆಯ ಮಾತು ಮುಂದೆ ಬಹಳ ಉಪಯೋಗಕ್ಕೆ ಬಂತು.

ಹುಡುಗಿ ಹೇಳಿದ್ದು ಸರಿ. ಹಾಗಿದ್ದರೂ ವಿಮಾನದ ರೆಕ್ಕೆಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹವನ್ನು ಕಾಯಿಸಿ ನೀರಿಗೆ ಅದ್ದಿಯೇ ಗಡಸು ಮಾಡುತ್ತಾರೆ ಎಂಬುದೂ ಸರಿ. ಎರಡೂ ಹೇಗೆ ಸರಿಯಾಗುತ್ತವೆ ಎಂಬುದನ್ನು ನಾನೇ ಓದಿ ಅರ್ಥಮಾಡಿಕೊಳ್ಳಬೇಕಾಯಿತು.

ಮೊದಲು ಉಕ್ಕಿನ ವಿಷಯ. ಇಂಗಾಲದ ಪರಮಾಣು ಚಿಕ್ಕದು. ಕಾದ ಉಕ್ಕಿನಲ್ಲಿ ಅದು ಕಬ್ಬಿಣದ ಪರಮಾಣುಗಳ ನಡುವಿನ ಸಂದಿಗಳಲ್ಲಿ ಇರುತ್ತದೆ. ನೀರಿಗೆ ಅದ್ದಿದಾಗ ಕಬ್ಬಿಣದ ಜೋಡಣೆ ಕ್ಷಣದಲ್ಲಿ ಬದಲಾಗುತ್ತದೆ, ಆದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುವುದಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ ಇಂಗಾಲ ಇಡೀ ಜೋಡಣೆಯನ್ನು ಹಿಗ್ಗಿಸಿ ಸೊಟ್ಟಗೆ ಮಾಡುತ್ತದೆ. ಹೀಗಾಗಿ ನೀರಿನಿಂದ ತೆಗೆಯುವ ಹೊತ್ತಿಗೇ ಕುಡುಗೋಲಿನ ಅಲಗು ಗಡಸಾಗಿರುತ್ತದೆ, ಕಾಯಬೇಕಾಗಿಲ್ಲ. ಅತಿ ಗಡಸಾದರೆ ಸಿಡಿಯುತ್ತದೆಂದು ಕಮ್ಮಾರರು ಅದನ್ನು ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರುತ್ತಾರೆ.

ಅಲ್ಯೂಮಿನಿಯಂನಲ್ಲಿ ಕಥೆಯೇ ಬೇರೆ. ಇಲ್ಲಿ ಬೆರೆಸುವ ತಾಮ್ರದ ಪರಮಾಣು ಸಂದಿಯಲ್ಲಿ ಕೂರುವುದಿಲ್ಲ, ಅಲ್ಯೂಮಿನಿಯಂ ಪರಮಾಣುವಿನ ಜಾಗವನ್ನೇ ಹಿಡಿಯುತ್ತದೆ. ಎರಡರ ಗಾತ್ರದಲ್ಲಿ ಅಂತಹ ದೊಡ್ಡ ವ್ಯತ್ಯಾಸವೇನಿಲ್ಲ, ತಾಮ್ರದ್ದು ಸ್ವಲ್ಪ ಚಿಕ್ಕದು. ಹಾಗಾಗಿ ಬರೀ ಕರಗಿರುವ ತಾಮ್ರದಿಂದ ಗಡಸುತನ ಅಷ್ಟೇನೂ ಏರುವುದಿಲ್ಲ. ಮುಖ್ಯವಾದ ಸಂಗತಿಯೆಂದರೆ ಎಷ್ಟು ತಾಮ್ರ ಕರಗಬಲ್ಲದು ಎಂಬ ಮಿತಿ. 548 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ಮಿಶ್ರಲೋಹದಲ್ಲಿ ಸುಮಾರು 5.6 ಗ್ರಾಂ ತಾಮ್ರ ಘನಸ್ಥಿತಿಯಲ್ಲೇ ಕರಗಿರಬಲ್ಲದು. ಕೋಣೆಯ ತಾಪದಲ್ಲಿ ಕಾಲು ಗ್ರಾಂ ಕೂಡ ಕರಗಿ ನಿಲ್ಲಲಾರದು. ಘನವಸ್ತುವಿನಲ್ಲಿ ಘನವಸ್ತು ಕರಗುವುದು ಎಂದರೆ ಮಕ್ಕಳಿಗೆ ವಿಚಿತ್ರವೆನಿಸುತ್ತದೆ. ಆದರೆ 9ನೇ ತರಗತಿಯ ದ್ರಾವಣಗಳ ಪಾಠದಲ್ಲಿ ಮಿಶ್ರಲೋಹವೂ ಒಂದು ದ್ರಾವಣವೆಂದು ಹೇಳಿರುತ್ತೇವೆ. ಅದನ್ನು ನೆನಪಿಸಿ ಮುಂದುವರಿಯಬಹುದು.

ಇಲ್ಲಿ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳುಗಳ ಪ್ರಯೋಗ ಚೆನ್ನಾಗಿ ಹೊಂದುತ್ತದೆ. ಹರಳುಗಳನ್ನು ಪ್ರನಾಳದಲ್ಲಿ ಹಾಕಿ ಬಿಸಿನೀರಿನಲ್ಲಿ ಇಟ್ಟರೆ 50 ಡಿಗ್ರಿ ದಾಟುವ ಮೊದಲೇ ತಮ್ಮೊಳಗಿನ ನೀರಿನಲ್ಲೇ ಕರಗಿ ದ್ರವವಾಗುತ್ತವೆ. ಬಾಯಿಗೆ ಹತ್ತಿ ಇಟ್ಟು ಅಲುಗಾಡಿಸದೆ ತಣಿಸಿದರೆ ಕೋಣೆಯ ತಾಪಕ್ಕೆ ಬಂದರೂ ದ್ರವವಾಗಿಯೇ ಇರುತ್ತದೆ. ಇದೇ ಅತಿಪರ್ಯಾಪ್ತ ಸ್ಥಿತಿ. ಒಂದು ಹರಳು ಹಾಕಿದರೆ ಮಕ್ಕಳ ಕಣ್ಣೆದುರೇ ಎಲ್ಲವೂ ಹರಳುಗಟ್ಟುತ್ತದೆ, ಪ್ರನಾಳ ಬಿಸಿಯಾಗುತ್ತದೆ. ಕಾಯಿಸಿ ನೀರಿಗೆ ಅದ್ದಿದ ಅಲ್ಯೂಮಿನಿಯಂ-ತಾಮ್ರದ ತುಂಡೂ ಇಂತಹ ಸ್ಥಿತಿಯಲ್ಲೇ ಇರುತ್ತದೆ. ಕರಗಿರಲು ಹಕ್ಕಿಲ್ಲದ ತಾಮ್ರ, ಹೊರಬರಲು ಸಮಯ ಸಿಗದೆ ಒಳಗೇ ಉಳಿದಿರುತ್ತದೆ. ಹೋಲಿಕೆಯ ಮಿತಿಯನ್ನೂ ಮಕ್ಕಳಿಗೆ ಹೇಳಬೇಕು. ಲೋಹದಲ್ಲಿ ಹೊರಗಿನಿಂದ ಹರಳು ಹಾಕಬೇಕಾಗಿಲ್ಲ. ಅಲ್ಲಿ ಎಲ್ಲವೂ ಘನಸ್ಥಿತಿಯಲ್ಲೇ ನಡೆಯುತ್ತದೆ, ಅದೂ ಬಹಳ ನಿಧಾನವಾಗಿ.

ನೀರಿನಿಂದ ತೆಗೆದ ಕೂಡಲೇ ತುಂಡು ಮೆದು. ಗಂಟೆಗಳು, ದಿನಗಳು ಕಳೆದಂತೆ ತಾಮ್ರದ ಪರಮಾಣುಗಳು ಒಂದೊಂದೇ ಹೆಜ್ಜೆ ಇಟ್ಟು ಅಲ್ಲಲ್ಲಿ ಗುಂಪುಗೂಡತೊಡಗುತ್ತವೆ. ಕೋಣೆಯ ತಾಪದಲ್ಲೂ ಅವು ಚಲಿಸಬಲ್ಲವು. ಏಕೆಂದರೆ ಥಟ್ಟನೆ ತಣಿಸಿದಾಗ ತಾಮ್ರದ ಜೊತೆ ಪರಮಾಣುಗಳಿಲ್ಲದ ಖಾಲಿ ಜಾಗಗಳೂ ಒಳಗೆ ಹೆಚ್ಚಾಗಿ ಸಿಕ್ಕಿಕೊಂಡಿರುತ್ತವೆ. ಖಾಲಿ ಕುರ್ಚಿ ಇದ್ದರೆ ತಾನೇ ಜಾಗ ಬದಲಿಸಲು ಸಾಧ್ಯ! ಆ ಗುಂಪುಗಳೇ ಗಡಸುತನಕ್ಕೆ ಕಾರಣ.

ಗುಂಪುಗಳಿಂದ ಲೋಹ ಯಾಕೆ ಗಡಸಾಗಬೇಕು? ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಹಾರಿಸಿಬಿಡುವ ಹೆಜ್ಜೆ ಇದು. ಲೋಹ ಬಾಗುವಾಗ ಪರಮಾಣುಗಳ ಒಂದಿಡೀ ಪದರ ಇನ್ನೊಂದರ ಮೇಲೆ ಒಮ್ಮೆಲೇ ಜಾರುವುದಿಲ್ಲ. ದೊಡ್ಡ ಜಮಖಾನವನ್ನು ಒಂದು ಅಂಗೈ ದೂರ ಸರಿಸಬೇಕಾದರೆ ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಮಾಡಿ, ಆ ಸುಕ್ಕನ್ನೇ ಕಾಲಿನಿಂದ ಇನ್ನೊಂದು ತುದಿಗೆ ತಳ್ಳಿದರೆ ಸುಲಭವಾಗಿ ಸರಿಯುತ್ತದೆ. ಲೋಹದ ಹರಳಿನೊಳಗೂ ಇಂತಹ ಸುಕ್ಕುಗಳಿವೆ. ಪುಸ್ತಕಗಳು ಡಿಸ್‌ಲೊಕೇಶನ್ ಎನ್ನುತ್ತವೆ, ತರಗತಿಯಲ್ಲಿ ನನಗೆ ‘ಸುಕ್ಕು’ ಸಾಕು. ಸುಕ್ಕು ಸಲೀಸಾಗಿ ಓಡಿದರೆ ಲೋಹ ಮೆದು, ಅದಕ್ಕೆ ಅಡ್ಡಿಯಾದರೆ ಗಡಸು. ಜಮಖಾನದ ಮೇಲೆ ಅಲ್ಲಲ್ಲಿ ಮಕ್ಕಳನ್ನು ಕೂರಿಸಿ ಸುಕ್ಕು ತಳ್ಳಲು ಹೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ. ಹತ್ತಿರ ಹತ್ತಿರ ಹತ್ತು ಮಕ್ಕಳು ಕೂತರೆ ಸುಕ್ಕು ಅಲ್ಲಾಡದು. ಆ ಹತ್ತೂ ಮಕ್ಕಳು ಒಂದೇ ಮೂಲೆಗೆ ಹೋಗಿ ಗುಂಪಾದರೆ ಉಳಿದ ಕಡೆ ಸುಕ್ಕು ಮತ್ತೆ ಓಡುತ್ತದೆ. ಈ ಎರಡನೆಯ ಭಾಗವನ್ನು ಮರೆಯದೆ ಮಾಡಿಸಬೇಕು. ಸೋಪಿನ ಕಥೆಯ ಗುಟ್ಟು ಅಲ್ಲೇ ಇದೆ.

ಇದನ್ನು ಮೊದಲು ಕಂಡವರು ಜರ್ಮನಿಯ ಆಲ್‌ಫ್ರೆಡ್ ವಿಲ್ಮ್. ಬರ್ಲಿನ್ ಬಳಿಯ ಪ್ರಯೋಗಾಲಯವೊಂದರಲ್ಲಿ, ತೋಟಾಗಳ ಹಿತ್ತಾಳೆ ಕವಚಕ್ಕೆ ಬದಲಾಗಿ ಗಟ್ಟಿಯಾದ ಅಲ್ಯೂಮಿನಿಯಂ ಹುಡುಕುವುದು ಅವರ ಕೆಲಸವಾಗಿತ್ತು. ಅವರೂ ನಮ್ಮಂತೆಯೇ ಉಕ್ಕಿನ ಮಾದರಿಯನ್ನು ಹಿಡಿದೇ ಹೊರಟಿದ್ದರು. 1906ರಲ್ಲಿ, ಸುಮಾರು 4% ತಾಮ್ರ ಮತ್ತು ಅರ್ಧ ಪ್ರತಿಶತ ಮೆಗ್ನೀಸಿಯಂ ಇದ್ದ ಮಿಶ್ರಲೋಹವನ್ನು ಕಾಯಿಸಿ ನೀರಿಗೆ ಅದ್ದಿ ಗಡಸುತನ ಅಳೆದರು. ವಿಶೇಷವೇನೂ ಕಾಣಲಿಲ್ಲ. ವಾರಾಂತ್ಯ ಕಳೆದು ಮತ್ತೆ ಅಳೆದಾಗ ಅದೇ ತುಂಡು ಬಹಳ ಗಡಸಾಗಿತ್ತು. ಅಳೆಯುವ ಯಂತ್ರವೇ ಕೆಟ್ಟಿರಬೇಕು ಎಂದುಕೊಳ್ಳುವ ಸಂದರ್ಭ ಅದು. 1909ರಲ್ಲಿ ತಯಾರಿಕೆಯ ಹಕ್ಕು ಪಡೆದ ಕಂಪನಿ ಡ್ಯೂರೆನ್ ಎಂಬ ಊರಿನಲ್ಲಿತ್ತು. ಆ ಲೋಹಕ್ಕೆ ಡ್ಯೂರಾಲುಮಿನ್ ಎಂಬ ಹೆಸರು ನಿಂತಿತು, ಮುಂದೆ ಜೆಪ್ಪೆಲಿನ್ ವಾಯುನೌಕೆಗಳ ಚೌಕಟ್ಟಿಗೆ ಅದೇ ಬಳಕೆಯಾಯಿತು.

ಕಾರಣ ಮಾತ್ರ ವಿಲ್ಮ್ ಅವರಿಗೆ ತಿಳಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮೆದು ತುಂಡೂ ಗಡಸು ತುಂಡೂ ಒಂದೇ ಥರ ಕಾಣುತ್ತಿದ್ದವು. 1919ರಲ್ಲಿ ಅಮೆರಿಕದ ಮೆರಿಕಾ, ವಾಲ್ಟೆನ್‌ಬರ್ಗ್ ಮತ್ತು ಸ್ಕಾಟ್, ತಾಪ ಇಳಿದಂತೆ ಕರಗುವ ಮಿತಿ ಇಳಿಯುವುದೇ ಇದರ ಮೂಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಒಳಗೆ ಹುಟ್ಟುತ್ತಿರಬೇಕು ಎಂದು ವಾದಿಸಿದರು. 1938ರಲ್ಲಿ ಫ್ರಾನ್ಸಿನ ಗಿನಿಯೆ, ಇಂಗ್ಲೆಂಡಿನ ಪ್ರೆಸ್ಟನ್ ಬೇರೆಬೇರೆಯಾಗಿ ಎಕ್ಸ್-ಕಿರಣಗಳಿಂದ ಅದಕ್ಕೆ ಪುರಾವೆ ಕೊಟ್ಟರು. ಅವರು ಕಂಡದ್ದು ಒಂದು ಪರಮಾಣುವಿನಷ್ಟೇ ದಪ್ಪದ, ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ಅಗಲದ ತಾಮ್ರದ ಬಿಲ್ಲೆಗಳು. ಕಂಡದ್ದಕ್ಕೂ ಕಾರಣ ಸಿಕ್ಕಿದ್ದಕ್ಕೂ ನಡುವೆ 32 ವರ್ಷ. ಇನ್ನೊಂದು ಸ್ವಾರಸ್ಯ: ರೈಟ್ ಸಹೋದರರ 1903ರ ವಿಮಾನದ ಎಂಜಿನ್ನಿನ ಹೊರಕವಚ ಸುಮಾರು 8% ತಾಮ್ರವಿದ್ದ ಅಲ್ಯೂಮಿನಿಯಂ ಎರಕ. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರೊಳಗೂ ಇಂತಹ ಕಣಗಳು ಕಂಡವು. ವಿಲ್ಮ್ ಅವರಿಗಿಂತ ಮೊದಲೇ, ಯಾರಿಗೂ ತಿಳಿಯದಂತೆ ಆ ಲೋಹ ಗಡಸಾಗಿತ್ತು.

ಈಗ ಕಿಟಕಿ ಚೌಕಟ್ಟಿಗೆ ಬರೋಣ. ಅದರಲ್ಲಿ ತಾಮ್ರದ ಬದಲು ಸ್ವಲ್ಪ ಮೆಗ್ನೀಸಿಯಂ, ಸ್ವಲ್ಪ ಸಿಲಿಕಾನ್ ಇರುತ್ತದೆ. ತತ್ವ ಅದೇ, ಆದರೆ ಈ ಜಾತಿಯ ಮಿಶ್ರಲೋಹ ಕೋಣೆಯ ತಾಪದಲ್ಲಿ ಪೂರ್ತಿ ಗಡಸುತನಕ್ಕೆ ಬರುವುದಿಲ್ಲ. ಅದನ್ನು ಮತ್ತೆ 175 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು 8 ಗಂಟೆ ಬೇಯಿಸಬೇಕು. ಇದೇ ಕುಟುಂಬದ 6061 ಎಂಬ ಮಿಶ್ರಲೋಹದ ಬ್ರಿನೆಲ್ ಗಡಸುತನವನ್ನು ನೋಡಿ: ಪೂರ್ತಿ ಮೆದುಗೊಳಿಸಿದಾಗ 30, ಸುಮಾರು 530 ಡಿಗ್ರಿಯಿಂದ ನೀರಿಗೆ ಅದ್ದಿ ಕೋಣೆಯಲ್ಲೇ ಬಿಟ್ಟಾಗ 65, ಅದ್ದಿದ ಮೇಲೆ ಬೇಯಿಸಿದಾಗ 95. ಲೋಹ ಅದೇ, ಬೆರಕೆ ಅದೇ, ಗಡಸುತನ ಮೂರು ಪಟ್ಟು! ಹೆಚ್ಚು ಬೇಯಿಸಿದರೆ ಇನ್ನೂ ಗಡಸಾಗುತ್ತದೆ ಎಂದುಕೊಳ್ಳಬೇಡಿ. ಹದ ಮೀರಿದರೆ ಸಣ್ಣ ಕಣಗಳು ಕರಗಿ ದೊಡ್ಡವನ್ನು ಸೇರುತ್ತವೆ, ಕಣಗಳ ನಡುವಿನ ಅಂತರ ಹೆಚ್ಚುತ್ತದೆ, ಸುಕ್ಕು ಮತ್ತೆ ಓಡುತ್ತದೆ. ಜಮಖಾನದ ಮಕ್ಕಳು ಒಂದೇ ಮೂಲೆಗೆ ಸೇರಿದ್ದು ಇದೇ.

ಹುಡುಗಿಯ ಮಾವ ಮಾಡಿದ್ದೂ ಇದನ್ನೇ. ಸೋಪು ಕಪ್ಪಾಗುವುದು ಸರಿಸುಮಾರು 350ರಿಂದ 400 ಡಿಗ್ರಿಯಲ್ಲಿ. ಎಲ್ಲವನ್ನೂ ಕರಗಿಸಲು ಆ ತಾಪ ಸಾಲದು, ಆದರೆ ಕಣಗಳನ್ನು ದಪ್ಪಗಾಗಿಸಲು ಧಾರಾಳ ಸಾಕು. ಹಾಗಾಗಿ ಲೋಹ ಮೆದುವಾಗುತ್ತದೆ. ನೀರಿಗೆ ಹಾಕುವುದು ಬೇಗ ತಣಿಯಲಿ ಎಂದಷ್ಟೇ. ಕರಗಿದ ತಾಜಾ ಸರಕು ಹೆಚ್ಚಾಗಿ ಒಳಗೆ ಉಳಿದಿಲ್ಲವಾದ್ದರಿಂದ ಆಮೇಲೆ ಎಷ್ಟು ದಿನ ಇಟ್ಟರೂ ಅದು ಬಹುಮಟ್ಟಿಗೆ ಮೆದುವಾಗಿಯೇ ಇರುತ್ತದೆ. 520 ಡಿಗ್ರಿಯಿಂದ ಅದ್ದಿದ ತುಂಡೂ ಮೊದಲ ದಿನ ಮೆದುವೇ, ಆದರೆ ಅದು ಕಾಯುತ್ತಿರುವ ಮೆದು. ಎರಡನ್ನೂ ಅದೇ ದಿನ ಕೈಯಲ್ಲಿ ಬಗ್ಗಿಸಿ ನೋಡಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಇನ್ನು, ಪ್ರಶಿಕ್ಷಣಾರ್ಥಿ ಹೇಳಿದಂತೆ ಕಿಟಕಿ ಚೌಕಟ್ಟನ್ನು ಯಾರೂ ಕುಡುಗೋಲಿನಂತೆ ಅದ್ದಿರುವುದಿಲ್ಲ. ಬಿಸಿ ಲೋಹವನ್ನು ಅಚ್ಚಿನ ಮೂಲಕ ಒತ್ತಿ ತೆಗೆಯುವಾಗ ಗಾಳಿ ಬೀಸಿ ತಣಿಸಿ, ಆಮೇಲೆ ಒಲೆಯಲ್ಲಿ ಬೇಯಿಸುವುದೇ ಸಾಮಾನ್ಯ ಕ್ರಮ.

ಮನೆಯ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಇದನ್ನು ಪ್ರಯೋಗಿಸಲು ಹೋಗಬೇಡಿ. ಅದು ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂ, ಅಥವಾ ಸ್ವಲ್ಪ ಮ್ಯಾಂಗನೀಸ್ ಬೆರೆತದ್ದು. ಗುಂಪುಗೂಡಿ ಗಡಸು ಮಾಡುವ ಸರಕೇ ಅದರಲ್ಲಿಲ್ಲ. ಅದು ಗಡಸಾಗುವುದು ಬಡಿತದಿಂದ, ಕಾಯಿಸಿದರೆ ಮೆದುವಾಗುವುದಷ್ಟೇ.

ಓದಿದ್ದನ್ನು ಮಾಡಿ ನೋಡೋಣವೆಂದು ಆ ಪ್ರಶಿಕ್ಷಣಾರ್ಥಿಯೂ ನಾನೂ ಒಂದೇ ಚೌಕಟ್ಟಿನಿಂದ ನಾಲ್ಕು ಪಟ್ಟಿ ಕತ್ತರಿಸಿಕೊಂಡೆವು. ‘ಅ’ ಅಂಗಡಿಯಿಂದ ತಂದ ಹಾಗೆಯೇ. ‘ಆ’ ಮತ್ತು ‘ಇ’ ಪಟ್ಟಿಗಳನ್ನು ಹತ್ತಿರದ ಪಾಲಿಟೆಕ್ನಿಕ್‌ನ ಮಫಲ್ ಫರ್ನೇಸ್‌ನಲ್ಲಿ 520 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ನೀರಿಗೆ ಹಾಕಿದೆವು. ಅವುಗಳಲ್ಲಿ ‘ಇ’ಯನ್ನು ಸಹೋದ್ಯೋಗಿಯೊಬ್ಬರ ಮನೆಯ ಕೇಕ್ ಓವನ್ನಿನಲ್ಲಿ 8 ಗಂಟೆ ಬೇಯಿಸಿದೆವು (ಅವರ ಮನೆಯವರಿಗೆ ಇನ್ನೂ ನಗು). ‘ಈ’ ಸೋಪು ಹಚ್ಚಿದ್ದು. ಪಟ್ಟಿಯನ್ನು ದಪ್ಪ ಕಬ್ಬಿಣದ ತುಂಡಿನ ಮೇಲಿಟ್ಟು, ಮೇಲೆ ಕಾರ್ಬನ್ ಹಾಳೆ ಇಟ್ಟು, ಒಂದು ಮೀಟರ್ ಉದ್ದದ ಪಿವಿಸಿ ಪೈಪಿನ ಮೂಲಕ ಬೇರಿಂಗ್ ಗುಂಡು ಬೀಳಿಸಿದರೆ ಅಚ್ಚೊತ್ತಿದ ಗುಳಿ ಸ್ಪಷ್ಟವಾಗಿ ಕಾಣುತ್ತದೆ. ಗುಳಿ ಅಗಲವಾದಷ್ಟೂ ಲೋಹ ಮೆದು. ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ತೋರಿಸಿಕೊಟ್ಟ ಪರೀಕ್ಷೆಯ ತಿರುಳೂ ಇದೇ. ಅವರು ಗುಂಡನ್ನು ಬೀಳಿಸದೆ ನಿಗದಿತ ಭಾರದಿಂದ ಒತ್ತಿದರು, ಅಷ್ಟೆ. ಒಂದು ಎಚ್ಚರಿಕೆ: ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಅಷ್ಟರೊಳಗೆ ಹಗಲು ಬೆಳಕಿನಲ್ಲಿ ಕೆಂಪಾಗಿ ಕಾಣುವುದಿಲ್ಲ. ಕಾದ ಪಟ್ಟಿಯೂ ತಣ್ಣಗಿನ ಪಟ್ಟಿಯೂ ನೋಡಲು ಒಂದೇ. ಕಾಯಿಸುವ ಕೆಲಸ ಮಕ್ಕಳಿಗೆ ಬೇಡ, ದೊಡ್ಡವರಿಗೂ ಇಕ್ಕಳವಿಲ್ಲದೆ ಬೇಡ.

ಮೂರು ವಾರದ ನಂತರ ಅದೇ ತರಗತಿಗೆ ಹೋದೆವು. 40 ನಿಮಿಷದ ಅವಧಿಯಲ್ಲಿ 8 ಗಂಟೆಯ ಕೆಲಸವನ್ನು ತೋರಿಸಲಾಗದು, ಆದ್ದರಿಂದ ಪಟ್ಟಿಗಳನ್ನು ತಯಾರಾಗಿಯೇ ಒಯ್ದೆವು. ಪ್ರಶಿಕ್ಷಣಾರ್ಥಿ ಪಾಠ ಆರಂಭಿಸಿದ್ದು, “ಅವತ್ತು ನಾನು ಹೇಳಿದ್ದು ತಪ್ಪು. ಇವಳು ಹೇಳಿದ್ದು ಸರಿ” ಎಂಬ ಮಾತಿನಿಂದ. ನಮ್ಮ ವೀಕ್ಷಣಾ ನಮೂನೆಯಲ್ಲಿ ಧ್ವನಿಗೆ, ಕಪ್ಪುಹಲಗೆಗೆ, ಪುನರ್ಬಲನಕ್ಕೆ ಬೇರೆಬೇರೆ ಕಲಮುಗಳಿವೆ. ಇದಕ್ಕೆ ಯಾವ ಕಲಮಿನಲ್ಲಿ ಅಂಕ ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಹುಡುಗಿ ನಾಲ್ಕೂ ಪಟ್ಟಿಗಳನ್ನು ಸ್ವಲ್ಪ ಸ್ವಲ್ಪ ಬಾಗಿಸಿ ನೋಡಿ, ‘ಈ’ ಪಟ್ಟಿಯನ್ನು ಎತ್ತಿ ಹಿಡಿದು, “ಇದು ನಮ್ಮ ಮಾವಂದು” ಎಂದಳು. ಮೂರು ವಾರದಲ್ಲಿ ‘ಆ’ ಅದಕ್ಕಿಂತ ಬಿಗಿಯಾಗಿತ್ತು.

ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ: “ಮಿಸ್, ನೀರಿಂದ ತೆಗೆದ ತಕ್ಷಣ ಫ್ರಿಜ್‌ನಲ್ಲಿಟ್ರೆ ಗಟ್ಟಿಯಾಗೋದೇ ಇಲ್ವಾ?” ಪ್ರಶಿಕ್ಷಣಾರ್ಥಿ ಈ ಸಲ ನನ್ನತ್ತ ನೋಡಲಿಲ್ಲ. “ನಿಧಾನವಾಗುತ್ತೆ” ಎಂದು, ವಿಮಾನದ ರಿವೆಟ್‌ಗಳ ವಿಷಯ ಹೇಳಿದರು. ತಾಮ್ರ ಬೆರೆತ ಕೆಲವು ರಿವೆಟ್‌ಗಳನ್ನು ಅದ್ದಿದ ಕೂಡಲೇ ಸೊನ್ನೆಗಿಂತ ಎಷ್ಟೋ ಕೆಳಗಿನ ತಾಪದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಬೇಕಾದಾಗ ತೆಗೆದು, ಮೆದುವಿರುವಾಗಲೇ ಬೇಗನೆ ಬಡಿದು ಕೂರಿಸುತ್ತಾರೆ. ಆಮೇಲೆ ಅವು ರೆಕ್ಕೆಯಲ್ಲೇ ಕುಳಿತು ನಾಲ್ಕು ದಿನದಲ್ಲಿ ಗಡಸಾಗುತ್ತವೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಶಾಲಾ ಪ್ರವಾಸ ಹೋಗುವವರು ವಿಮಾನಗಳ ಮೈಮೇಲಿನ ರಿವೆಟ್ ಸಾಲುಗಳ ಮುಂದೆ ಐದು ನಿಮಿಷ ನಿಲ್ಲಬಹುದು.

ಪಟ್ಟಿಗಳು, ಪೈಪು, ಬೇರಿಂಗ್ ಗುಂಡು ನಮ್ಮ ಕಾಲೇಜಿನ ವಿಜ್ಞಾನ ಕೊಠಡಿಯ ಎರಡನೇ ಕಪಾಟಿನಲ್ಲಿವೆ. ಬೇಕಾದವರು ಸಹಿ ಮಾಡಿ ಒಯ್ಯಬಹುದು. ಬಾಗಿಸಿ ಬಾಗಿಸಿ ‘ಇ’ ಪಟ್ಟಿ ಮುರಿದಿದೆ, ಹೊಸದನ್ನು ಮಾಡಬೇಕು.